ಕಕ್ಕಡದ ಮಳೆ, ಮದ್ದು ಸೊಪ್ಪಿನ ಪಾಯಸ

ಕೊಡಗಿಗೆ ಹೋಗುವವರು ಸಾಮಾನ್ಯವಾಗಿ ಮಳೆ ಮುಗಿಯಲಿ ಅಂತ ಕಾಯುತ್ತಾರೆ. ನಾವು ಮಳೆ ಜೋರಾಗಿರುವಾಗಲೇ ಹೊರಟೆವು. ಕಾರಣ ಊಟ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಅಲ್ಲಿ ಕಕ್ಕಡ ತಿಂಗಳು. ಅದರ 18ನೇ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮನೆಮನೆಯಲ್ಲೂ ಮದ್ದು ಸೊಪ್ಪಿನ ಅಡುಗೆ ಮಾಡುತ್ತಾರೆ. ಹೋಟೆಲ್‌ಗಳಲ್ಲಿ ವರ್ಷವಿಡೀ ಸಿಗುವ ಪಂದಿ ಕರಿಯನ್ನು, ಅಂದರೆ ಹಂದಿ ಮಾಂಸದ ಅಡುಗೆಯನ್ನು, ಹಿಂದೆಯೂ ತಿಂದಿದ್ದೆ. ಮಳೆಗಾಲದಲ್ಲಿ ಅಲ್ಲಿನ ಮನೆಯ ಒಲೆ ಮೇಲೆ ಏನಿರುತ್ತದೆ ಅನ್ನುವುದನ್ನು ಮಾತ್ರ ನೋಡಿರಲಿಲ್ಲ.

ಈ ಸಲ ಅತ್ತೆಯೂ ಬಂದರು. ಅವರು ಮಂಡ್ಯ ಕಡೆಯವರು. ಮದುವೆಯಾಗಿ ಬಂದಾಗಿನಿಂದ ಮೊಣಕಾಲು ನೋವು ಶುರುವಾಗುವವರೆಗೂ ನಾಲೆ ಬಯಲಲ್ಲಿ ನಾಟಿ ಹಾಕಿದವರು. ಕಾಶಿಗೆ ಹೋಗಿ ಬಂದ ಮೇಲೆ ಮಾಂಸ ಬಿಟ್ಟಿದ್ದಾರೆ. "ಕೊಡಗಲ್ಲಿ ನಿಮ್ಮತ್ತೆ ಏನು ತಿಂತಾರೆ ಪಾಪ" ಅಂತ ಪಕ್ಕದ ಮನೆಯವರು ಕೇಳಿದ್ದರು. ನನಗೂ ಆ ಚಿಂತೆ ಇತ್ತು.

ಮೊದಲ ದಿನ: ಹುಣಸೂರಿನಿಂದ ಪೊನ್ನಂಪೇಟೆ ಕಡೆಗೆ

ಹುಣಸೂರಿನಲ್ಲಿ ಇಡ್ಲಿ ತಿಂದು ಗೋಣಿಕೊಪ್ಪದ ದಾರಿ ಹಿಡಿದೆವು. ಪಂಚವಳ್ಳಿ ದಾಟಿ ಆನೆಚೌಕೂರು ಕಾಡು ಶುರುವಾಗುವಷ್ಟರಲ್ಲಿ ತುಂತುರು ಹೋಗಿ ದಪ್ಪ ಹನಿ ಬೀಳತೊಡಗಿತು. ಮತ್ತಿಗೋಡು ಆನೆ ಶಿಬಿರದ ಹತ್ತಿರ ಎರಡು ಆನೆಗಳು ಮಳೆಯಲ್ಲಿ ಸುಮ್ನೆ ನಿಂತಿದ್ದವು. ಈ ದಾರಿಯಲ್ಲಿ ಬರುವವರು ಕತ್ತಲಾಗುವುದರೊಳಗೆ ಕಾಡು ದಾಟಿಬಿಡಿ. ಶಿಬಿರದ ಆನೆ ಬೇರೆ, ರಸ್ತೆಗೆ ಬರುವ ಕಾಡಾನೆ ಬೇರೆ.

ತಿತಿಮತಿಗೆ ಸ್ವಲ್ಪ ಮುಂಚೆ ಒಂದು ಮರ ರಸ್ತೆಗೆ ಅಡ್ಡ ಬಿದ್ದಿತ್ತು. ನಮ್ಮ ಮುಂದೆ ಎರಡು ಜೀಪು, ಒಂದು ಹಾಲಿನ ವ್ಯಾನ್ ನಿಂತಿದ್ದವು. ಯಾರೂ ಯಾರಿಗೂ ಫೋನ್ ಮಾಡುತ್ತಾ ಕೂರಲಿಲ್ಲ. ಜೀಪಿನಿಂದ ಕತ್ತಿ, ಕೊಡಲಿ, ಹಗ್ಗ ಇಳಿದವು. ನನ್ನ ಗಂಡನೂ ಪ್ಯಾಂಟ್ ಮಡಚಿ ಕೊಂಬೆ ಎಳೆಯಲು ಹೋದರು. ಒಂದು ಗಂಟೆಯಲ್ಲಿ ಕಾರು ಹೋಗುವಷ್ಟು ದಾರಿಯಾಯಿತು. ಜೀಪಿನ ಹಿರಿಯರೊಬ್ಬರು ಫ್ಲಾಸ್ಕ್ ತೆಗೆದು ಎಲ್ಲರಿಗೂ ಬೆಲ್ಲದ ಕಾಫಿ ಹಂಚಿದರು. ಹಾಲಿಲ್ಲದ, ಕಡುಕಪ್ಪಾದ, ಸಿಹಿ ಕಾಫಿ. "ಕಕ್ಕಡದಲ್ಲಿ ಬಂದಿದ್ದೀರಲ್ಲ, ಏನು ಕೆಲಸ?" ಅಂತ ಕೇಳಿದರು. ಮದ್ದು ಸೊಪ್ಪು ತಿನ್ನಲು ಅಂದೆ. ಅವರ ಮುಖ ಅರಳಿತು. "ಒಳ್ಳೆ ಕೆಲಸ. ಆದರೆ ಅಂಗಡಿಯಲ್ಲಿ ತಿನ್ನಬೇಡಿ, ಯಾರದ್ದಾದರೂ ಮನೆಯಲ್ಲಿ ತಿನ್ನಿ" ಅಂದರು.

ನಾವು ಹೊರಟಿದ್ದೂ ಒಂದು ಮನೆಗೇ. ನನ್ನ ಗಂಡನ ಸಹೋದ್ಯೋಗಿಯ ನೆಂಟರು. ಪೊನ್ನಂಪೇಟೆಯ ಹತ್ತಿರ ತೋಟ, ಗದ್ದೆ, ಹಳೆಯ ಮನೆ. ಎರಡು ಕೋಣೆಗಳನ್ನು ಬಂದವರಿಗೆ ಕೊಡುತ್ತಾರೆ. ಗಂಡ ಹೆಂಡತಿ ಇಬ್ಬರೇ ಇರುವುದು, ಇಬ್ಬರಿಗೂ ಅರವತ್ತು ದಾಟಿದೆ. ನಾವು ಅಂಕಲ್, ಆಂಟಿ ಅಂದೆವು. ಇಂಥ ಮನೆಗೆ ಹೋಗುವಾಗ ಏನು ತಿನ್ನುತ್ತೀರಿ, ಏನು ತಿನ್ನುವುದಿಲ್ಲ ಅನ್ನುವುದನ್ನು ಎರಡು ದಿನ ಮುಂಚೆಯೇ ಹೇಳಿಬಿಡಿ. ಮಳೆಗಾಲದ ಅಡುಗೆಗೆ ತಯಾರಿ ಬೇಕು. ಕಣಿಲೆಯನ್ನೇ ನೋಡಿ. ಎಳೆ ಬಿದಿರನ್ನು ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿಟ್ಟರೆ ಮಾತ್ರ ಅದರ ಕಹಿ, ನಂಜು ಎರಡೂ ಹೋಗುವುದು.

ರಾತ್ರಿ ಕರೆಂಟ್ ಇರಲಿಲ್ಲ. ಅಡುಗೆಮನೆಯಲ್ಲಿ ಒಲೆಯ ಬೆಳಕು, ಒಂದು ಎಮರ್ಜೆನ್ಸಿ ಲೈಟು. ಆಂಟಿ ಅಕ್ಕಿ ಒಟ್ಟಿ ಮಾಡುತ್ತಿದ್ದರು. ಮೆತ್ತಗೆ ಬೆಂದ ಅನ್ನಕ್ಕೆ ಅಕ್ಕಿಹಿಟ್ಟು ಸೇರಿಸಿ, ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದರು. ಒಂದು ಅಗುಳೂ ಕಾಣದಷ್ಟು ನುಣ್ಣಗಾದ ಮೇಲೆ ಉಂಡೆ ಕಟ್ಟಿ ತಟ್ಟಿದರು. ಹೆಂಚಿಗೆ ಎಣ್ಣೆ ಸೋಕಿಸಲಿಲ್ಲ. ಎರಡು ಬದಿಯೂ ಒಣಗಿದಂತಾದಾಗ ಕೆಂಡದ ಮೇಲೆ ಹಿಡಿದರು. ಒಟ್ಟಿ ನಿಧಾನವಾಗಿ ಉಬ್ಬಿ ಉಸಿರು ಬಿಟ್ಟಿತು. ಜೊತೆಗೆ ಕೆಸುವಿನ ಸೊಪ್ಪಿನ ಕೆಂಬು ಕರಿ, ಎಳ್ಳು ಪಜ್ಜಿ ಅನ್ನುವ ಚಟ್ನಿ, ಸಿಹಿಕುಂಬಳದ ಪಲ್ಯ, ಮೇಲೆ ಒಂದು ಚಮಚ ಜೇನು. ಅತ್ತೆ ಎಷ್ಟು ಒಟ್ಟಿ ತಿಂದರೋ ನಾನು ಲೆಕ್ಕ ಇಡಲಿಲ್ಲ. ಪಕ್ಕದ ಮನೆಯವರ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತ್ತು.

"ತಲಕಾವೇರಿಯಲ್ಲಿ ತೀರ್ಥ ಬರುವ ತುಲಾ ಸಂಕ್ರಮಣಕ್ಕೆ ನಮ್ಮಲ್ಲೂ ಮಾಂಸ ಇಲ್ಲಮ್ಮ. ದೋಸೆ, ಕುಂಬಳಕಾಯಿ ಕರಿ. ಅಷ್ಟೇ" ಅಂದರು ಆಂಟಿ. ಸೆಪ್ಟೆಂಬರ್ 3ರ ಆಯುಧಗಳ ಹಬ್ಬ ಕೈಲ್‌ಪೊದಿಗೆ ಪಂದಿ ಕರಿ, ಕಡಂಬುಟ್ಟು. ಅಕ್ಟೋಬರಿನ ಕಾವೇರಿ ಸಂಕ್ರಮಣಕ್ಕೆ ದೋಸೆ, ಕುಂಬಳ. ಸುಗ್ಗಿ ಹಬ್ಬ ಹುತ್ತರಿಗೆ ತಂಬಿಟ್ಟು, ಹೊಸ ಅಕ್ಕಿ ಪಾಯಸ. ಆ ಮನೆಯಲ್ಲಿ ಕ್ಯಾಲೆಂಡರ್ ನೋಡದೆ, ಒಲೆ ಮೇಲೇನಿದೆ ಅಂತ ನೋಡಿಯೇ ತಿಂಗಳು ಹೇಳಬಹುದು.

ಎರಡನೇ ದಿನ: ಗದ್ದೆ

ಬೆಳಿಗ್ಗೆ ನೂಪುಟ್ಟು. ಆವಿಯಲ್ಲಿ ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಒರಳಿಗೆ ಹಾಕಿ ಒತ್ತುತ್ತಿದ್ದರು. ಅತ್ತೆ ಎದ್ದು ಹೋಗಿ ಹಿಡಿ ಹಿಡಿದೇಬಿಟ್ಟರು. "ಇದು ನಮ್ಮ ಒತ್ತು ಶಾವಿಗೆನೇ ಕನವ್ವಾ. ನಮ್ಮಲ್ಲಿ ಕಾಯಿಹಾಲು, ನಿಮ್ಮಲ್ಲೇನು?" ಆಂಟಿ ನಕ್ಕರು. "ಕಾಯಿಹಾಲೂ ಆಗುತ್ತೆ, ಕೋಳಿ ಸಾರೂ ಆಗುತ್ತೆ." ಅಲ್ಲಿಂದ ಮುಂದೆ ಅವರಿಬ್ಬರ ನಡುವೆ ನಮಗೆ ಜಾಗ ಇರಲಿಲ್ಲ.

ಹತ್ತು ಗಂಟೆಗೆ ಮಳೆ ಸ್ವಲ್ಪ ಬಿಟ್ಟಿತು. ಅಂಕಲ್ ಗದ್ದೆಗೆ ಹೊರಟರು, ನಾವೂ ಹಿಂದೆ ಹೋದೆವು. ಕಾಫಿ ತೋಟದ ಇಳಿಜಾರು ಮುಗಿದಲ್ಲಿ ಗದ್ದೆ ಬಯಲು. ನಾಟಿಯ ಕೊನೆಯ ಭಾಗ ನಡೆಯುತ್ತಿತ್ತು. ಯರವ ಬುಡಕಟ್ಟಿನ ಹೆಂಗಸರು ಪ್ಲಾಸ್ಟಿಕ್ ಹೊದ್ದು, ಸಾಲಾಗಿ ಬಗ್ಗಿ ಪೈರು ಊರುತ್ತಿದ್ದರು. ಬದುವಿನ ಮೇಲೆ ಒಂದು ಹಳೆಯ ಪಾತ್ರೆ, ಮೇಲೊಂದು ಎಲೆ ಮುಚ್ಚಿತ್ತು. ಒಳಗೆ ಏಡಿಗಳು. ಕೆಲಸ ಮಾಡುತ್ತಲೇ ಹಿಡಿದು ಹಾಕಿದ್ದು. ಒಬ್ಬ ಅಜ್ಜಿ ಹೇಳಿದರು, "ಮಳೆಗೆ ಮೈ ತಣ್ಣಗಾಗುತ್ತೆ, ಇದರ ಸಾರು ಉಂಡ್ರೆ ಬೆಚ್ಚಗೆ." ಮಸಾಲೆ ಏನು ಹಾಕುತ್ತೀರಿ ಅಂದೆ. "ಮೆಣಸು, ಉಪ್ಪು. ಏಡೀನೇ ರುಚಿ, ಮಸಾಲೆ ಯಾಕೆ?" ಅಂದರು. ಕೊಡಗಿನ ಊಟ ಅಂದಕೂಡಲೇ ನಾವು ಕೊಡವರ ಊಟವನ್ನಷ್ಟೇ ನೆನೆಯುತ್ತೇವೆ. ಆ ಊಟದ ಅಕ್ಕಿ ನೆಟ್ಟ ಈ ಕೈಗಳಿಗೂ ಅದೇ ಗದ್ದೆಯಿಂದ ಬರುವ ತಮ್ಮದೇ ಊಟ ಇದೆ. ಪ್ರವಾಸಿಗರ ಮೆನು ಕಾರ್ಡಿನಲ್ಲಿ ಅದು ಬರುವುದೇ ಇಲ್ಲ.

ಅತ್ತೆ ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದರು. ಬೇಡ ಅಂದರೂ ಕೇಳಲಿಲ್ಲ. ಒಂದು ಹಿಡಿ ಪೈರು ಇಸಿದುಕೊಂಡು ಸಾಲಿಗೆ ಸೇರಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿಸಿ ಬೇರನ್ನು ಕೆಸರಿಗೆ ಒತ್ತಿ ಬಿಡುತ್ತಿದ್ದರು. ಕೈ ಮರೆತಿರಲಿಲ್ಲ. ಯರವ ಹೆಂಗಸರು ಮೊದಲು ನಕ್ಕರು, ಆಮೇಲೆ ಅವರ ವೇಗ ನೋಡಿ ಸುಮ್ಮನಾದರು. ಕಾಲಿಗೆ ಇಂಬಳ (ಜಿಗಣೆ) ಹತ್ತಿದಾಗ ಮಾತ್ರ ಅತ್ತೆ ಕೂಗಿದರು. ಸುಣ್ಣ ತಾಗಿಸಿದರೆ ಬಿಡುತ್ತೆ ಅಂತ ಒಬ್ಬರು ಎಲೆ ಅಡಿಕೆ ಚೀಲ ಬಿಚ್ಚಿದರು. ಮಳೆಗಾಲದಲ್ಲಿ ಹೋಗುವವರು ಸುಣ್ಣವೋ ಉಪ್ಪೋ ಜೇಬಿನಲ್ಲಿ ಇಟ್ಟುಕೊಳ್ಳಿ.

ಅಂಕಲ್ ಮಾತ್ರ ಬದುವಿನ ಮೇಲೆ ನಿಂತು ಆಚೆ ಕಡೆ ನೋಡುತ್ತಿದ್ದರು. ಅವರ ಗದ್ದೆಯ ಆಚೆಗೆ ಪಾಳು. ಅದರಾಚೆ ಶುಂಠಿ. "ಮೊದಲು ಈ ಬಯಲು ಪೂರ್ತಿ ಭತ್ತ. ಈಗ ಆಳು ಸಿಗೋದಿಲ್ಲ. ಸಿಕ್ಕಿದರೂ ಕೂಲಿ ಕೊಟ್ಟು ಉಳಿಯೋದಿಲ್ಲ. ಉಳಿದಿದ್ದಕ್ಕೆ ಆನೆ ಬರುತ್ತೆ" ಅಂದರು. ಕಾಫಿಗೆ ಬೆಲೆ ಇದೆ, ಶುಂಠಿಗೆ ಗುತ್ತಿಗೆ ದುಡ್ಡಿದೆ. ಭತ್ತ ಯಾಕೆ ಬಿಡಲಿಲ್ಲ ಅಂತ ನನ್ನ ಗಂಡ ಕೇಳಿದರು. "ಹುತ್ತರಿಗೆ ಕದಿರು ಬೇಕಲ್ಲ" ಅಂದರು. ಅಷ್ಟೇ ಉತ್ತರ.

ಅವರ ಮಾತು ನನಗೆ ಆಮೇಲೆ ಊಟಕ್ಕೆ ಕೂತಾಗ ಇನ್ನಷ್ಟು ಅರ್ಥವಾಯಿತು. ಒಟ್ಟಿ ಅಕ್ಕಿಯದು. ನೂಪುಟ್ಟು ಅಕ್ಕಿಯದು. ಅಕ್ಕಿ ತರಿ ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿಟ್ಟರೆ ಕಡಂಬುಟ್ಟು, ತರಿಯನ್ನು ಹಾಲು, ತೆಂಗಿನ ತುರಿ ಹಾಕಿ ತಟ್ಟೆಯಲ್ಲಿ ಬೇಯಿಸಿದರೆ ಪಾಪುಟ್ಟು. ಕೊಡವರ ಮದುವೆಯಲ್ಲಿ ಹಿರಿಯರು ಅಕ್ಕಿ ಹಾಕಿ ಹರಸಿ, ಕಿಂಡಿಯಿಂದ ಹಾಲು ಕುಡಿಸುತ್ತಾರೆ. ಹಂದಿ ಮಾಂಸ ಹೆಸರು ಮಾಡಿದೆ, ನಿಜ. ಆದರೆ ಇಡೀ ಊಟ ನಿಂತಿರುವುದು ಆ ಗದ್ದೆಯ ಮೇಲೆ.

ಮಧ್ಯಾಹ್ನ ಮನೆಯ ಹಿಂದೆ ಕಾಚಂಪುಳಿ ಕಾಯುತ್ತಿತ್ತು. ಮಳೆಗಾಲದಲ್ಲಿ ಹಣ್ಣಾಗಿ ಬೀಳುವ ಪಣಪುಳಿಯನ್ನು, ಮಲೆನಾಡಿನವರು ಉಪ್ಪಾಗೆ ಅನ್ನುವುದನ್ನು, ಬುಟ್ಟಿಯಲ್ಲಿ ಹಾಕಿ ಕೆಳಗೆ ಪಾತ್ರೆ ಇಡುತ್ತಾರೆ. ರಸ ತಾನಾಗಿ ದಿನಗಟ್ಟಲೆ ತೊಟ್ಟಿಕ್ಕುತ್ತದೆ. ಅದನ್ನು ಕುದಿಸಿ ಕುದಿಸಿ ಕಪ್ಪಾಗಿ ಗಟ್ಟಿ ಮಾಡಿದರೆ ಕಾಚಂಪುಳಿ. ವರ್ಷಗಟ್ಟಲೆ ಕೆಡುವುದಿಲ್ಲ. ಆಂಟಿ ಒಂದು ಹನಿ ನನ್ನ ಅಂಗೈಗೆ ಬಿಟ್ಟರು. ನಾಲಿಗೆಗೆ ತಾಗಿದ ಕೂಡಲೇ ದವಡೆ ಜುಂ ಅಂದಿತು. ಹುಳಿ, ಅದರ ಹಿಂದೆ ಹೊಗೆ. ಪೇಟೆಯಲ್ಲಿ ಕೊಳ್ಳುವುದಾದರೆ ಬಾಟಲಿ ಓರೆ ಮಾಡಿ ನೋಡಿ, ನೀರಿನ ಹಾಗೆ ಹರಿದರೆ ಬಿಟ್ಟುಬಿಡಿ.

ರಾತ್ರಿ ನನಗೂ ನನ್ನ ಗಂಡನಿಗೂ ಪಂದಿ ಕರಿ. ಮೊದಲು ಬೇಟೆಯ ಕಾಡುಹಂದಿ ಇತ್ತು, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಸಾಕಿದ ಹಂದಿಯೇ. ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆ ಎಲ್ಲವನ್ನೂ ಕಪ್ಪಾಗುವವರೆಗೆ ಹುರಿದು ಪುಡಿ ಮಾಡುತ್ತಾರೆ. ಮಾಂಸ ತನ್ನ ಕೊಬ್ಬಿನಲ್ಲೇ ಬೇಯುತ್ತದೆ. ಕಾಚಂಪುಳಿ ಬೀಳುವುದು ಕೊನೆಗೆ. ಹೋಟೆಲಿನದಕ್ಕೂ ಇದಕ್ಕೂ ಇರುವ ಅಂತರ ಬಾಯಿಗೆ ಗೊತ್ತಾಗುತ್ತದೆ. ಇಲ್ಲಿ ಹುಳಿ ಮುಂದೆ ಬರುವುದಿಲ್ಲ, ಕೊಬ್ಬಿನ ಭಾರ ಇಳಿಸಿ ಹಿಂದೆ ನಿಲ್ಲುತ್ತದೆ. ಅತ್ತೆಗೆ ಅಣಬೆಯ ಕುಮ್ಮು ಕರಿ, ಕಣಿಲೆ ಪಲ್ಯ. ಒಂದೇ ಮೇಜು, ಒಂದೇ ಕಡಂಬುಟ್ಟಿನ ಪಾತ್ರೆ. ಯಾರ ತಟ್ಟೆ ಬಗ್ಗೆಯೂ ಯಾರೂ ಮಾತಾಡಲಿಲ್ಲ. ನನಗೆ ಅದು ತುಂಬಾ ಇಷ್ಟವಾಯಿತು.

ಮೂರನೇ ದಿನ: ಕಕ್ಕಡ 18

ಮದ್ದು ಸೊಪ್ಪು ಕಾಫಿ ತೋಟದ ಅಂಚಿನಲ್ಲಿ, ನೆರಳಲ್ಲಿ, ತೇವ ಇರುವಲ್ಲಿ ಬೆಳೆಯುತ್ತದೆ. ನೋಡಲು ಸಾಧಾರಣ ಗಿಡ. ಉಳಿದ ದಿನ ಯಾರೂ ಅದರ ಕಡೆ ತಿರುಗುವುದಿಲ್ಲ. ಈ ದಿನದ ಹೊತ್ತಿಗೆ ಅದರಲ್ಲಿ 18 ಬಗೆಯ ಔಷಧ ಸೇರುತ್ತದೆ ಅನ್ನುವುದು ನಂಬಿಕೆ. ಬೆಳಿಗ್ಗೆ ಅಂಕಲ್ ಜೊತೆ ಹೋಗಿ ಕಡ್ಡಿ ಸಮೇತ ಕೊಯ್ದು ತಂದೆವು. ಎಲೆ ಹಸಿರು, ಕಡ್ಡಿ ಹಸಿರು. ಬಣ್ಣದ ಸುಳಿವೇ ಇಲ್ಲ.

ದೊಡ್ಡ ಪಾತ್ರೆಗೆ ನೀರು, ಸೊಪ್ಪು, ಕಡ್ಡಿ ಎಲ್ಲ ಹಾಕಿ ಆಂಟಿ ಒಲೆಗೆ ಏರಿಸಿದರು. ನಾನು ಪಕ್ಕದಲ್ಲೇ ಮಣೆ ಹಾಕಿ ಕೂತೆ. ಮೊದಲು ನೀರು ತಿಳಿ ಹಸಿರಾಯಿತು. ಆಮೇಲೆ ಅಂಚಿನಲ್ಲಿ ಒಂದು ಕೆಂಪು ಗೆರೆ. ಕುದಿ ಬಂದಂತೆ ಕೆಂಪು ಒಳಗೆ ಹರಡಿತು, ಅರ್ಧ ಗಂಟೆಯಲ್ಲಿ ಕಡು ನೇರಳೆ. ಮುಚ್ಚಳ ತೆಗೆದಾಗ ಬಂದ ಘಮ ಹಸಿ ಹುಲ್ಲು, ಏಲಕ್ಕಿ ಎರಡನ್ನೂ ಒಟ್ಟಿಗೆ ಕುಟ್ಟಿದ ಹಾಗಿತ್ತು. ಸೋಸಿದ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿದರೆ ಮದ್ದು ಪಾಯಸ. ಅದೇ ನೀರಿಗೆ ಅಕ್ಕಿ ತರಿ ಹಾಕಿ ಗಟ್ಟಿ ಕಾಯಿಸಿ, ತಟ್ಟೆಗೆ ಸುರಿದು ಆರಿಸಿ ಕತ್ತರಿಸಿದರೆ ಮದ್ದು ಪುಟ್ಟು. ಮೇಲೆ ತುಪ್ಪ, ಜೇನು.

ತಿನ್ನುವ ಮುಂಚೆ ಮೊದಲ ತುಂಡನ್ನು ದೀಪದ ಮುಂದೆ ಇಟ್ಟರು. "ಕಾರಣರಿಗೆ" ಅಂದರು ಆಂಟಿ. ಕಾರಣರು ಅಂದರೆ ಮನೆತನದ ಹಿರಿಯರು, ಹೋದವರು. ಅವರ ಮೂಲಪುರುಷ ಗುರು ಕಾರಣ.

ಮಧ್ಯಾಹ್ನ ಅಂಕಲ್ ನಮ್ಮನ್ನು ಅವರ ಐನ್‌ಮನೆಗೆ ಕರೆದುಕೊಂಡು ಹೋದರು. ಒಕ್ಕದ, ಅಂದರೆ ಒಂದೇ ಮನೆಹೆಸರಿನ ಕುಟುಂಬಗಳೆಲ್ಲರ ಮೂಲ ಮನೆ. ಮೆಟ್ಟಿಲು ಹತ್ತಿದರೆ ಜಗಲಿ, ಕಂಬಗಳ ನಡುವೆ ಅಗಲವಾದ ಮರದ ಹಲಗೆ. ಅದಕ್ಕೆ ಅಯಿಮರ ಅನ್ನುತ್ತಾರೆ. ಒಳಗೆ ಮನೆಯ ನಡುವಿನ ಪಡಸಾಲೆ ನೆಲ್ಲಕ್ಕಿ ನಡುಬಾಡೆ, ಅಲ್ಲಿ ತೂಗುದೀಪ. ಅಂಗಳದ ಪಕ್ಕದಲ್ಲಿ ಕಾರಣರ ಸಣ್ಣ ಗುಡಿ, ಕೈಮಡ. ವರ್ಷಕ್ಕೊಮ್ಮೆ ಒಕ್ಕದವರೆಲ್ಲ ಸೇರಿ ಕಾರಣರಿಗೆ ಮೀದಿ ಇಡುತ್ತಾರೆ. ಎಲೆಯಲ್ಲಿ ಅನ್ನ, ಮಾಂಸದ ಅಡುಗೆ, ಜೊತೆಗೆ ಮದ್ಯ. ಹೋದವರು ಬದುಕಿದ್ದಾಗ ಏನು ಉಂಡರೋ ಅದನ್ನೇ ಬಡಿಸುವುದು. ನಮ್ಮಲ್ಲೂ ಮಾರನವಮಿ ಮುಂಚೆ ಪಕ್ಷದಲ್ಲಿ ಎಡೆ ಇಡುತ್ತೇವಲ್ಲ, ಅಪ್ಪನಿಗೆ ಇಷ್ಟ ಅಂತ ಬೀಡಿ ಕೂಡ ಇಡುತ್ತೇವಲ್ಲ. ಅತ್ತೆ ಕೈಮಡದ ಮುಂದೆ ಕೈ ಮುಗಿದು ತುಂಬಾ ಹೊತ್ತು ನಿಂತರು. ಮಾವ ಹೋಗಿ ವರ್ಷ ಆಗಿಲ್ಲ. ಅವರಿಗೆ ಪಾಯಸ ಅಂದರೆ ಪ್ರಾಣ.

ರಾತ್ರಿ ಆಂಟಿ ಎಲ್ಲರಿಗೂ ಮೊದಲೇ ಎಚ್ಚರಿಸಿದರು. ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತೆ, ಹೆದರಬೇಡಿ, ಸೊಪ್ಪಿನ ಬಣ್ಣ. ಹಾಗೇ ಆಯಿತು. ಗೊತ್ತಿಲ್ಲದವರು ಆಸ್ಪತ್ರೆಗೆ ಓಡುವುದು ಖಂಡಿತ, ಅದಕ್ಕೇ ಬರೆಯುತ್ತಿದ್ದೇನೆ.

ನಾಲ್ಕನೇ ದಿನ: ಕಕ್ಕಬ್ಬೆ

ಅಂಕಲ್‌ಗೆ ಪಾಡಿ ಇಗ್ಗುತ್ತಪ್ಪನ ಹರಕೆ ಇತ್ತು. ನಮ್ಮ ಕಾರಿನಲ್ಲೇ ಬಂದರು. ವಿರಾಜಪೇಟೆ, ಕಡಂಗ, ಚೆಯ್ಯಂಡಾಣೆ ದಾಟಿ ಕಕ್ಕಬ್ಬೆ. ರಸ್ತೆ ಕಿರಿದು, ತಿರುವು ಜಾಸ್ತಿ, ಮಂಜು ಬಂದು ಹೋಗುತ್ತಿತ್ತು. ತಡಿಯಂಡಮೋಳ್ ಬೆಟ್ಟ ಇರುವ ದಿಕ್ಕನ್ನು ಅಂಕಲ್ ತೋರಿಸಿದರು, ಬೆಟ್ಟ ಕಾಣಲಿಲ್ಲ. ನಾಲ್ಕುನಾಡು ಅರಮನೆಯನ್ನು ಮಳೆಯಲ್ಲೇ ಒಂದು ಸುತ್ತು ಹಾಕಿ ಬಂದೆವು.

ಕಕ್ಕಬ್ಬೆ ಒಂದು ಕಾಲಕ್ಕೆ ಜೇನಿಗೆ ಹೆಸರಾದ ಊರು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದಲ್ಲೆಲ್ಲ ತುಡುವೆ ಜೇನುಹುಳಗಳಲ್ಲಿ ಬಹುಪಾಲು ಸತ್ತುಹೋದವು. ಅಂಕಲ್ ಮನೆಯ ಪೆಟ್ಟಿಗೆಗಳೂ ಖಾಲಿಯಾದವಂತೆ. ಆಮೇಲೆ ಮತ್ತೆ ಹುಳ ತಂದು ಕೂರಿಸಿದರು. ಒಟ್ಟಿ ಮೇಲೆ ನಾವು ಹಾಕಿಕೊಂಡ ಆ ಒಂದು ಚಮಚದ ಹಿಂದೆ ಇಷ್ಟು ಕಥೆ ಇತ್ತು.

ಇಗ್ಗುತ್ತಪ್ಪ ಮಳೆ ಬೆಳೆಯ ದೇವರು. ಹುತ್ತರಿ ಯಾವ ದಿನ, ಯಾವ ಹೊತ್ತಿಗೆ ಕದಿರು ತೆಗೆಯಬೇಕು ಅನ್ನುವುದು ನಿಗದಿಯಾಗುವುದು ಇಲ್ಲಿ. ನವೆಂಬರ್ ಕೊನೆ ಅಥವಾ ಡಿಸೆಂಬರಿನ ಹುಣ್ಣಿಮೆ ರಾತ್ರಿ ಗದ್ದೆಗೆ ಹೋಗಿ, ಕೋವಿ ಹಾರಿಸಿ, "ಪೊಲಿ ಪೊಲಿಯೇ ದೇವಾ" ಅಂತ ಕೂಗುತ್ತಾ ಕದಿರು ಕೊಯ್ಯುತ್ತಾರೆ. ಕದಿರನ್ನು ತೂಗುದೀಪಕ್ಕೆ, ಕಂಬಕ್ಕೆ ಕಟ್ಟುತ್ತಾರೆ. ಹೊಸ ಭತ್ತದ ಕಾಳು ಆ ರಾತ್ರಿಯ ಪಾಯಸಕ್ಕೆ ಬೀಳುತ್ತದೆ. ಹುರಿದ ಅಕ್ಕಿಯ ಹಿಟ್ಟಿಗೆ ಬಾಳೆಹಣ್ಣು ಕಿವುಚಿ, ಎಳ್ಳು, ಕಾಯಿ, ತುಪ್ಪ ಹಾಕಿದ ತಂಬಿಟ್ಟು ಜೊತೆಗೆ.

ವಾಪಸ್ ಬರುವಾಗ ಒಬ್ಬ ಮಾಪಿಳ್ಳೆ ಕಾಕನ ಅಂಗಡಿಯಲ್ಲಿ ಚಹಾ, ಬಿಸಿ ಬಾಳೆಹಣ್ಣಿನ ಬಜ್ಜಿಗೆ ನಿಲ್ಲಿಸಿದೆವು. ಕಪಾಟಿನಲ್ಲಿ ಸಾಸಿವೆ ಎಣ್ಣೆಯ ಬಾಟಲಿಗಳು ಸಾಲಾಗಿದ್ದವು. ತೋಟದ ಕೆಲಸಕ್ಕೆ ಬಂದ ಅಸ್ಸಾಮಿನವರು ಕೇಳುತ್ತಾರೆ, ಅದಕ್ಕೆ ತರಿಸುತ್ತೇನೆ ಅಂದರು ಕಾಕ. ಅವರೂ ತಮ್ಮ ಊರಿನ ಒಗ್ಗರಣೆ ವಾಸನೆ ಇಲ್ಲದೆ ಹೇಗೆ ಉಣ್ಣುತ್ತಾರೆ, ಅಲ್ವಾ.

ಅಲ್ಲೇ ಕೂತು ಅಂಕಲ್ ಹೇಳಿದರು. ಈಗ ಅವರ ಒಕ್ಕದಲ್ಲಿ ಭತ್ತ ಬೆಳೆಯುವವರು ಅವರೊಬ್ಬರೇ. ಉಳಿದ ಮನೆಯವರೆಲ್ಲ ಹುತ್ತರಿಗೆ ಕದಿರು ತೆಗೆಯಲು ಅವರ ಗದ್ದೆಗೇ ಬರುತ್ತಾರೆ. ಮಗ ಬೆಂಗಳೂರಿನಲ್ಲಿ. ಮುಂದಿನ ವರ್ಷ ನಾಟಿಗೆ ಆಳು ಸಿಗದಿದ್ದರೆ ತಾವೂ ಬಿಡಬೇಕಾಗಬಹುದು.

ಅತ್ತೆ ಚಹಾ ಲೋಟ ಕೆಳಗಿಟ್ಟರು. "ನಿಮ್ಮಲ್ಲಿ ನಾಟಿ ಯಾವಾಗ ಶುರು ಮಾಡ್ತೀರಿ?"

"ಜುಲೈ."

"ನಮ್ಮಲ್ಲಿ ನಾಲೆ ನೀರು ಬಿಟ್ಟು ಮಡಿ ಮಾಡಿ ನಾಟಿಗೆ ಬರೋದು ಆಗಸ್ಟಿಗೆ. ಅಲ್ಲಿವರ್ಗೂ ಹೆಣ್ಣಾಳು ಸುಮ್ನೆ ಕೂತಿರ್ತಾರೆ. ಹತ್ತು ಜನ ಕರ್ಕಂಡು ನಾನೇ ಬತ್ತೀನಿ. ವ್ಯಾನಿನ ಬಾಡಿಗೆ ನಿಮ್ದು, ಉಳ್ಕೊಳಕ್ಕೆ ಜಾಗ ನಿಮ್ದು."

ಅಂಕಲ್ ನನ್ನ ಗಂಡನ ಮುಖ ನೋಡಿದರು. ಅವರು ತಲೆಯಾಡಿಸಿದರು, ನಮ್ಮಮ್ಮ ಹೇಳಿದರೆ ಹೇಳಿದ ಹಾಗೆ ಅಂತ. ಅಂಕಲ್ ಜೇಬಿನಿಂದ ಸಣ್ಣ ಡೈರಿ ತೆಗೆದು ಅತ್ತೆಯ ನಂಬರ್ ಬರೆದುಕೊಂಡರು.

"ಕೂಲಿ ಎಷ್ಟು ಅಮ್ಮಾ?"

"ಎರಡು ಹೊತ್ತು ಊಟ ಹಾಕ್ತೀರೋ, ಮೂರು ಹೊತ್ತೋ? ಅದ್ನ ಮೊದ್ಲು ಹೇಳಿ, ಆಮೇಲೆ ಕೂಲಿ ಮಾತಾಡನ."